ಮುಷ್ಟಿ ಮುಚ್ಚಿದಾಗ ಬಾಯಿ ತೆರೆದದ್ದು

ಮೊಮ್ಮಗಳು ನಮ್ಮ ಮನೆಯಲ್ಲೇ ಉಳಿದಳು! ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದನ್ನು ಹೇಳಿಬಿಡಬೇಕು. ಅವಳ ಪುಟ್ಟ ಬಟ್ಟೆಗಳ ಚೀಲ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದು, ಮತ್ತೆ ಒಳಗೆ ಬಂತು. ನೆನೆದರೆ ಇವತ್ತಿಗೂ ಹಿಗ್ಗು ತಡೆಯಲಾಗುವುದಿಲ್ಲ.

ಆಗ ನಾವು ಶಹಾಬಾದಿನಲ್ಲಿದ್ದೆವು. ನಮ್ಮವರು ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದರು. ನಾನು ಎರಡನೇ ತರಗತಿಯನ್ನೂ ಮುಗಿಸಿದವಳಲ್ಲ. ಆದರೆ ದೃಷ್ಟಿ ತೆಗೆಯುವುದನ್ನು ಕಲಿಯುವ ಆಸೆ ಮಾತ್ರ ಭಾಳ ಇತ್ತು. ಓಣಿಯ ಮಕ್ಕಳಿಗೆಲ್ಲ ಪಕ್ಕದ ಮನೆಯ ಮುದುಕಿ ಖಾಲಾ ದೃಷ್ಟಿ ತೆಗೆಯುತ್ತಿದ್ದಳು. ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನವೇ ಆಕೆಯ ಮುಂದೆ ಹೋಗಿ ಕುಳಿತೆ.

“ಮೊದಲ ನಿಮ್ಮ ಎಮ್ಮಿಗಿ ತೆಗಿ. ಅದು ಒದೀಲಿಲ್ಲಂದ್ರ ಮನಷ್ಯಾರಿಗಿ ತೆಗಿಯಾಕಂತಿ,” ಎಂದು ಖಾಲಾ ನಕ್ಕಳು. ಆಮೇಲೆ ನಗು ಬಿಟ್ಟು, “ಉಪ್ಪು ಮೆಣಸಿನಕಾಯಿ ಹಿಡಿದು ಮುಷ್ಟಿ ಮುಚ್ಚಿದ ಮ್ಯಾಲ ಬಾಯಿನೂ ಮುಚ್ಚಬೇಕು ಬೇಟಿ. ಒಲಿಗಿ ಹಾಕೋತನಕ ಒಂದ್ ಮಾತೂ ಆಡಬ್ಯಾಡ. ಆಡಿದ್ರ ಕೂಸಿನ ಪೀಡಾ ಎಲ್ಲ ನಿನ್ನ ಮೈಮ್ಯಾಲ ಬರ್ತದ,” ಎಂದಳು.

ಎಮ್ಮೆಗೆ ತೆಗೆದೆ, ನನಗೆ ನಾನೇ ತೆಗೆದುಕೊಂಡೆ, ಅಮಾವಾಸ್ಯೆಗೆ ತಲೆಬಾಗಿಲಿಗೆ ತೆಗೆದೆ. ಓಣಿಯಲ್ಲಿ ಯಾರೋ ಅದಕ್ಕೆ ಮಾಟ ಎಂದು ಹೆಸರಿಟ್ಟರು. ಆ ಮಾತು ರೈಲು ಹತ್ತಿ ನಾಲವಾರ ಸೇರಿ, ಸೊಸೆಯ ತಾಯಿ ನಮ್ಮ ಬೀಗತಿಯ ಕಿವಿ ಮುಟ್ಟಿದ್ದು ನನಗೆ ಗೊತ್ತಿರಲಿಲ್ಲ.

ಸೊಸೆ ಬಾಣಂತನ ಮುಗಿಸಿ ಬಂದ ವಾರದಲ್ಲೇ ಒಂದು ಮಧ್ಯಾಹ್ನ ಕೂಸು ಅಳು ನಿಲ್ಲಿಸಲೊಲ್ಲದು. “ಅತ್ತೀ, ದೃಷ್ಟಿ ತೆಗೀರಿ,” ಎಂದು ಸೊಸೆಯೇ ಕೂಸನ್ನು ಚಾಪೆಯ ಮೇಲೆ ಮಲಗಿಸಿ ಹಿತ್ತಲಿಗೆ ಹೋದಳು. ಮುಷ್ಟಿ ಮುಚ್ಚಿ ಕೂಸಿನ ಸುತ್ತ ಕೈ ತಿರುಗಿಸುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ, ನಾಲವಾರದಿಂದ ಆಗಷ್ಟೇ ಬಂದಿಳಿದ ಬೀಗತಿ.

“ಏನ್ ಮಾಡ್ಲತ್ತೀರಿ ನನ್ನ ಮೊಮ್ಮಗಳಿಗಿ?”

ನಾನು ಏನೂ ಇಲ್ಲವೆಂಬಂತೆ ತಲೆಯಾಡಿಸಿದೆ.

“ಕೈದಾಗ ಏನದ? ಬಾಯಿ ಯಾಕ ಬಿಡವಲ್ರಿ? ಮಂದಿ ಹೇಳಿದ್ದು ಖರೇನೇ ಅದ ಹಂಗಾರ!”

ನನ್ನ ಮೌನವೇ ಅವರಿಗೆ ಸಾಕ್ಷಿಯಾಯಿತು. ಕೂಸನ್ನು ಎತ್ತಿಕೊಂಡು, ಗೂಟದಲ್ಲಿದ್ದ ಚೀಲ ಎಳೆದುಕೊಂಡು ಅಂಗಳಕ್ಕೆ ಇಳಿದರು. ಸೊಸೆ ಓಡಿಬಂದಳು.

“ಯವ್ವಾ, ತೆಗೀರಿ ಅಂದಾಕಿ ನಾನೇ!”

“ನೀ ಸುಮ್ಕಿರು. ನಿನಗೂ ಮದ್ದು ಹಾಕ್ಯಾರ. ಚಪ್ಪಲಿ ಮೆಟ್ಟು, ಸಂಜಿ ಗಾಡಿಗಿ ಹೋಗಮಿ.”

ಒಲೆಯ ತನಕ ಹೋಗಿ ಬರುವಷ್ಟರಲ್ಲಿ ಅವರು ಓಣಿ ದಾಟಿರುತ್ತಾರೆ. ಹೋದ ಕೂಸು ಮತ್ತೆ ಈ ಮನೆಗೆ ಬರುವುದುಂಟೆ? ಮುಷ್ಟಿಯೊಳಗಿನ ಉಪ್ಪು ಬೆವರಿಗೆ ಕರಗುತ್ತಿತ್ತು. ಪೀಡೆ ಬಂದರೆ ನನಗೆ ತಾನೆ, ಬರಲಿ.

“ನಿಂದರ್ರಿ ಬೀಗತ್ಯಾರ! ಕೂಸಿಗಿ ದೃಷ್ಟಿ ತೆಗೀಲತ್ತಿದ್ದೆರಿ, ಮತ್ತೇನಿಲ್ಲ!”

ಬೀಗತಿಯ ಕಾಲು ನಿಂತಿತು. ನನ್ನ ಮುಖ ನೋಡಿದರು, ಮುಚ್ಚಿದ್ದ ಮುಷ್ಟಿ ನೋಡಿದರು. ಆ ಕಟ್ಟಳೆ ಅವರ ಊರಲ್ಲೂ ಇತ್ತು, ಮಾಟದ ಗುಂಗಿನಲ್ಲಿ ನೆನಪಾಗಿರಲಿಲ್ಲ ಅಷ್ಟೆ.

“ಅಯ್ಯ ನಮ್ಮವ್ವ! ಮುಷ್ಟಿ ಬಿಡದೇ ಮಾತಾಡಿಬಿಟ್ರಲ್ರಿ! ಕೂಸಿನ ಪೀಡಾ ತನ್ನ ಮ್ಯಾಲ ಹೊತ್ಕೊಳ್ಳಾಕಿ ಮಾಟ ಮಾಡ್ತಾಳೇನು? ಕುಂದರ್ರಿ ಇಲ್ಲಿ, ಲಗೂನ!”

ಕೂಸನ್ನು ಸೊಸೆಯ ಕೈಗಿಟ್ಟು, ಚೀಲ ಒಳಗೆಸೆದು, ನನ್ನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು, ತುಟಿ ಕಚ್ಚಿ ನನಗೇ ದೃಷ್ಟಿ ತೆಗೆದರು. ಒಲೆಗೆ ಹಾಕಿದರೆ ಎಂಥ ಘಾಟು! ಇಬ್ಬರೂ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಬಂದು ಬಿದ್ದೆವು. ಘಾಟು ಎದ್ದಿತೆಂದರೆ ಏನೂ ತಗುಲಿಲ್ಲವೆಂದೇ ಅರ್ಥ. ನಮ್ಮ ಅವಸ್ಥೆ ಕಂಡು ಸೊಸೆ ನಕ್ಕಳು. ಕೂಸು ಅಳು ಮರೆತು ಪಿಳಿಪಿಳಿ ನೋಡಿತು.

ಸಂಜೆಯ ಗಾಡಿ ಕೂಗುತ್ತ ಹೋದಾಗ ಬೀಗತಿ ನಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಮ್ಮವರು, ಮಗ, ಸೊಸೆ, ಬೀಗತಿ, ನಾನು ಎಲ್ಲರೂ ಒಟ್ಟಿಗೆ ಕುಳಿತು ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡೆವು.

“ಇನ್ನೊಂದ್ ಹಾಕ್ಕೋರಿ, ಮಾಟಗಾತಿ ಉಪವಾಸ ಮಲಗಬಾರದು,” ಎಂದು ಬೀಗತಿ ನನ್ನ ತಾಟಿಗೆ ರೊಟ್ಟಿ ನೀಡಿದರು. ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು.