ಹಿತ್ತಲ ಬಾಗಿಲ ಚಿಲಕ

ಹಿತ್ತಲ ಬಾಗಿಲು ಮಳೆಗೆ ಉಬ್ಬಿತ್ತು. ಮೊನ್ನೆ ಬಡಿಗೇರ ಬಂದು ಅದನ್ನು ಕೆತ್ತಿ ಸರಿ ಮಾಡಿದ. ಹಳೆಯ ಚಿಲಕ ಕಿತ್ತು ನನ್ನ ಅಂಗೈಗೆ ಹಾಕಿದಾಗ ತುಕ್ಕಿನ ವಾಸನೆ ಬಂತು. ಅದರ ಹಿಂದೆಯೇ ನೆನಪಿಗೆ ಅವಳೂ ಬಂದಳು… ಪಕ್ಕದ ಮನೆಯ ನೇಕಾರನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದವಳು.

ಇಳಕಲ್ಲಿನ ನಮ್ಮ ಓಣಿಯಲ್ಲಿ ನೆಲಕ್ಕೆ ಗುಂಡಿ ತೋಡಿ ಹೂಡಿದ ಕುಣಿಮಗ್ಗ ಇರುವುದು ಮುಂಬಾಗಿಲಿಗೆ ಹತ್ತಿದ ಪಡಸಾಲೆಯಲ್ಲಿ. ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತ ಗಂಡನನ್ನು ದಾಟದೆ ಅವಳು ಬೀದಿಗೆ ಇಳಿಯುವಂತಿರಲಿಲ್ಲ. ಹಿಂದೆ ಮಾತ್ರ ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಮೊಳಕಾಲೆತ್ತರದ ಗೋಡೆ. ಅಲ್ಲಿಂದ ಹೊರಗೆ ಹೋಗಬೇಕೆಂದರೆ ನಮ್ಮ ಮನೆಯೊಳಗಿಂದಲೇ ದಾರಿ. ಇಷ್ಟನ್ನು ಈಗ ಬಿಡಿಸಿ ಹೇಳಬಲ್ಲೆ. ಆಗ ಹೊಳೆದಿರಲಿಲ್ಲ.

ಲಾಕ್‌ಡೌನಿನಲ್ಲಿ ನೂಲು ಬರುವುದು ನಿಂತು ಓಣಿಯ ಮಗ್ಗಗಳೆಲ್ಲ ಸುಮ್ಮನಾದವು. ಅವಳ ಗಂಡ ಕೆಲಸವಿಲ್ಲದೆಯೂ ದಿನವಿಡೀ ಮಗ್ಗಕ್ಕೇ ಅಂಟಿಕೊಂಡಿರುತ್ತಿದ್ದ. ಒಂದು ಬೆಳಿಗ್ಗೆ ಅವಳು ಗೋಡೆಯಾಚೆ ನಿಂತು, ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡು ಕೇಳಿದಳು:

"ತಂಗೀ, ನಿಮ್ಮ ಹಿತ್ತಲ ಬಾಗಲಾ ಚಿಲಕಾ ಹಾಕಬ್ಯಾಡ ನೋಡು. ಹಗಲ ಹೊತ್ತಿನಾಗಷ್ಟ."

"ಯಾಕಕ್ಕಾ? ಕಾರಣಾ ಹೇಳು."

"ಎಲ್ಲಾದಕ್ಕೂ ಕಾರಣಾ ಬೇಕಲ್ಲ ನಿನಗ, ವಕೀಲವ್ವಾ!" ನಕ್ಕಳು. ತುಟಿಯ ಒಂದು ಬದಿ ಮಾತ್ರ ಅಲುಗಿತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವಳು ನಾನು. ಪುರಾವೆಯಿಲ್ಲದ ಮಾತನ್ನು ಒಪ್ಪುವುದೆಂದರೆ ಸೋಲೆಂದು ನಂಬಿದ್ದೆ. ರೋಗ ಹರಡುವ ಬಗೆ, ಮನೆಯಲ್ಲಿರುವ ಅಜ್ಜಿಯ ವಯಸ್ಸು, ಎಲ್ಲವನ್ನೂ ಮುಂದಿಟ್ಟೆ. ಅವಳು ಸೆರಗನ್ನು ಇನ್ನಷ್ಟು ಎಳೆದುಕೊಂಡು ಒಳಗೆ ಹೋದಳು. ಗೆದ್ದೆ ಅಂದುಕೊಂಡೆ.

"ತಗದಿರಲಿ ಬಿಡ. ಆಕಿ ಸುಮ್ಮ ಸುಮ್ಮನ ಕೇಳ್ಯಾಳೇನು?" ಅಂದಳು ಅವ್ವ. ಅವಳ ಬಾಯನ್ನೂ ಮುಚ್ಚಿಸಿ ಚಿಲಕ ಹಾಕಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಪಕ್ಕದ ಮಗ್ಗ ಸದ್ದು ಮಾಡಿತು. ಟಕ್‌ ಟಕ್‌… ಜೋರಾಗಿ, ಬಿಡುವಿಲ್ಲದೆ.

"ನೂಲು ಬಂತವ್ವಾ! ಇನ್ನ ಆ ಮನ್ಯಾಗ ಎಲ್ಲಾ ಸರಿ ಆಗತೈತಿ."

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಲಾರೀನ ಬಂದಿಲ್ಲ. ನೂಲು ಎಲ್ಲಿಂದ ಬರತೈತಿ?"

ಹೆಂಡತಿಯನ್ನು ಹೊಡೆದು, ಅವಳ ಕೂಗು ಓಣಿಗೆ ಕೇಳಬಾರದೆಂದು ಅವನು ಬರಿಮಗ್ಗ ಬಡಿಯುತ್ತಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಚಿಲಕ ತೆಗೆದಳು. ಬಾಗಿಲಿಗೆ ಒರಗಿ ಕುಳಿತಿದ್ದ ಅಕ್ಕ ಒಳಗೇ ಉರುಳಿದಳು. ತಲೆಯಿಂದ ರಕ್ತ ಸೋರುತ್ತಿತ್ತು.

"ಭಾಳೊತ್ತು ಬಾಗಲಾ ಬಡದೆ ತಂಗೀ… ಕೇಳಲಿಲ್ಲೇನು?"

ಬಾಗಲಕೋಟೆಯ ದವಾಖಾನೆಗೆ ಒಯ್ದರು. ಮೂರನೆಯ ದಿನ ಹೋಗಿಬಿಟ್ಟಳು. ಕಾಲು ಜಾರಿ ಬಿದ್ದಳೆಂದು ಅವನು ಹೇಳಿದ. ಪೊಲೀಸರು ನಮ್ಮ ಮನೆಗೂ ಬಂದರು. ನೂಲಿಲ್ಲದ ಮಗ್ಗ ನಡೆದದ್ದನ್ನು ಅಂದು ನಾನು ಒಂದು ಪದವೂ ತಪ್ಪದೆ ವಿವರಿಸಿದೆ. ಅವನನ್ನು ಕರೆದೊಯ್ದರು. ನನ್ನ ವಾದ ಆ ದಿನವೂ ಗೆದ್ದಿತು… ಅವಳಿಗೆ ಅದರಿಂದ ಏನು?

"ಹೊಸಾ ಚಿಲಕಾ ಎಷ್ಟ ಎತ್ತರಕ್ಕ ಕೂಡಸಲ್ರಿ ಅಕ್ಕಾರ?" ಬಡಿಗೇರ ಕೇಳಿದ.

"ಬ್ಯಾಡ್ರಿ."

"ಯಾಕ್ರಿ? ನಾಯಿ-ನರಿ ಒಳಗ ಬಂದಾವ."

ಕಾರಣ ಹೇಳಲಿಲ್ಲ.

ಗೋಡೆಯಾಚೆಯ ಮನೆಗೆ ಬೀಗ ಬಿದ್ದು ವರ್ಷಗಳಾದವು. ಆ ಕಡೆಯಿಂದ ಬರುವವರು ಯಾರೂ ಇಲ್ಲ. ಆದರೂ ಗಾಳಿಗೆ ಬಾಗಿಲು ಬಡಿದುಕೊಂಡಾಗಲೆಲ್ಲ ಎದ್ದು ಹೋಗಿ ನೋಡಿ ಬರುತ್ತೇನೆ.