ಬನಶಂಕರಿಯಲ್ಲಿ ಎರಡನೇ ಕೀ

ಮೈಸೂರಿನಿಂದ ಹೊಸೂರಿಗೆ ಹೊರಟವನು ಬೆಂಗಳೂರಿನ ಬನಶಂಕರಿಯಲ್ಲಿ ಕಾಫಿಗೆ ನಿಲ್ಲಿಸಿದೆ. ಕುಡಿದು ಬಂದರೆ ಅಪ್ಪನ ಹಳೇ ಕಾರು ಸ್ಟಾರ್ಟೇ ಆಗಲಿಲ್ಲ. ಮೀಟರಿನಲ್ಲಿ ಕೀ ಗುರುತಿನ ಕೆಂಪು ದೀಪ ಮಿಟುಕುತ್ತಿತ್ತು.

ಪಕ್ಕದ ಗ್ಯಾರೇಜಿನವರು ಬಂದು ನೋಡಿದರು. "ಕೀ ಒಳಗಿನ ಚಿಪ್ ಹೋಗಿದೆ ಸಾರ್. ಗಾಡಿ ನಿಮ್ಮನ್ನೇ ಕಳ್ಳ ಅಂದ್ಕೊಂಡಿದೆ. ಇನ್ನೊಂದು ಕೀ ಇದ್ಯಾ?"

ಇತ್ತು, ಅಲ್ಲೇ ಹತ್ತಿರದ ಜೆ.ಪಿ. ನಗರದಲ್ಲಿ, ತಮ್ಮನ ಬಳಿ. ಅಪ್ಪ ಹೋದಮೇಲೆ ಅವನಿಗೆ ಹೇಳದೆ ನಾನು ಕಾರು ಒಯ್ದಿದ್ದಕ್ಕೆ ಅವನು ಮಾತು ಬಿಟ್ಟು ಮೂರು ವರ್ಷ.

ಫೋನ್ ಮಾಡಿದೆ. ಕೀ ಹಿಡಿದು ಸ್ಕೂಟರಿನಲ್ಲಿ ಬಂದ. ಅವನ ಕೀಗೆ ಅಪ್ಪ ಕಟ್ಟಿದ್ದ ದಾರ ಇನ್ನೂ ಹಾಗೇ ಇತ್ತು. ತಿರುಗಿಸಿದ ತಕ್ಷಣ ಎಂಜಿನ್ ಸ್ಟಾರ್ಟ್ ಆಯಿತು.

"ಕಾಫಿ ಕುಡಿಯೋಣ ಬಾರೋ," ಅಂದೆ.

"ಕೀ ನೀನೇ ಇಟ್ಕೋ. ಇನ್ಮೇಲೆ ನಂಗೆ ಫೋನ್ ಮಾಡೋ ತೊಂದ್ರೆ ಇರಲ್ಲ ನಿಂಗೆ," ಅಂದವನು ಹೆಲ್ಮೆಟ್ ಹಾಕಿಕೊಂಡು ಹೊರಟೇಹೋದ.