ಪ್ರಾರ್ಥನೆಯ ಮೈಕಿನಲ್ಲಿ ಓದಿಸಿದ ಸುದ್ದಿ

ಹೋದ ವರ್ಷ ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ದಿನ. ನಾನು ಬಳ್ಳಾರಿಯ ಪಾರ್ವತಿನಗರದಿಂದ ಸಿರಿಗೇರಿ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಕನ್ನಡ ಮೇಷ್ಟ್ರು. ಪ್ರಾರ್ಥನೆ ಹೊತ್ತಿಗೆ ಮಕ್ಕಳಿಂದ, ಊರಿಗೆಲ್ಲ ಕೇಳುವ ಮೈಕಿನಲ್ಲಿ ಸುದ್ದಿ ಓದಿಸುವುದು ನನ್ನ ಪಾಲಿನ ಕೆಲಸ. ಅಂದು ಪೇಪರ್ ಬಂದಿರಲಿಲ್ಲ. ಮೊಬೈಲಿನಲ್ಲಿ ಯಾವುದೋ ಸುದ್ದಿ ಪೇಜ್ ನೋಡಿ ಬಸ್ಸಿನಲ್ಲೇ ಚೀಟಿ ಬರೆದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಗಾದೆಯನ್ನು ಮಕ್ಕಳಿಂದ ವಿಸ್ತರಿಸಿ ಬರೆಸುವವನು ನಾನೇ!

ಚೀಟಿಯನ್ನು ಒಂಬತ್ತನೇ ತರಗತಿಯ ರೇಣುಕಾಳ ಕೈಗಿಟ್ಟೆ. "ಬಿಸಿಯೂಟದ ಅಕ್ಕಿ ಕದ್ದ ಅಡುಗೆಯಾಕೆ. ಇದೇ ಊರಿನ ಪ್ರಾಥಮಿಕ ಶಾಲೆಯ ಹುಲಿಗೆಮ್ಮ..." ಎಂದು ಓದಿದವಳು ಥಟ್ಟನೆ ನಿಂತಳು.

"ನಮ್ಮವ್ವ ಕಳ್ಳಿ ಅಲ್ರಿ ಸರ್. ಅಕ್ಕಿಗೆ ಹುಳ ಬಿದ್ದಿತ್ತು. ಹಸನ ಮಾಡಾಕ ಹೆಡ್ ಮಾಸ್ತರೇ ಮನಿಗೆ ಕಳಿಸಿದ್ರು."

ಪ್ರಾರ್ಥನೆ ಮುಗಿಯುತ್ತಲೇ ಆ ಶಾಲೆಯ ಹೆಡ್ ಮಾಸ್ತರಿಗೆ ಫೋನ್ ಮಾಡಿದೆ. ಹುಡುಗಿಯ ಮಾತು ನಿಜ. "ಇಲ್ಲಿ ಜನ ಸೇರ್ಯಾರ, ಆಕೀನ್ನ ತೆಗೀರಿ ಅಂತ ಕುಂತಾರ. ಲಗೂನ ಬರ್ರಿ" ಎಂದರು. ಪೇಜಿನವನಿಗೆ ಫೋನ್ ಹಚ್ಚಿದರೆ, "ಡಿಲೀಟ್ ಮಾಡೀನ್ರಿ, ಮುಗೀತಲ್ಲ?" ಎಂದು ಕಟ್ ಮಾಡಿದ.

ಓಡಿದೆ. ಅಡುಗೆಮನೆಯ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಹುಲಿಗೆಮ್ಮ ಗೋಡೆಗೆ ಒರಗಿ ನಿಂತಿದ್ದರು.

"ಸುಳ್ಳು ಸುದ್ದಿರಿ ಅದು, ಪೇಜಿನವರೇ ತೆಗೆದಿದ್ದಾರೆ" ಎಂದೆ.

ಒಬ್ಬ ಹಿರಿಯರು ಎದ್ದು ನಿಂತರು. "ಮೊಬೈಲ್ ಸುದ್ದಿ ನಾವ್ಯಾರೂ ನಂಬಿದ್ದಿಲ್ಲ ಸರ್. ನಿಮ್ಮ ಸಾಲಿ ಮೈಕಿನ್ಯಾಗ ಬಂತಲ್ಲ, ಅದು ಹೆಂಗ ಸುಳ್ಳಾಕ್ಕತಿ?"

ಹುಡುಗಿ ಚೀಟಿ ತಪ್ಪಾಗಿ ಓದಿದಳು ಎನ್ನಬಹುದಿತ್ತು. ಆ ಯೋಚನೆ ಬಂದದ್ದೂ ನಿಜ. "ಬರೆದವನು ನಾನು. ಯಾರನ್ನೂ ಕೇಳದೆ ಬರೆದೆ. ಈ ತಾಯಿಯದು ಏನೂ ತಪ್ಪಿಲ್ಲ" ಎಂದು ಕೈಮುಗಿದೆ. ಹೆಡ್ ಮಾಸ್ತರೂ ಅಕ್ಕಿ ಕಳಿಸಿದ್ದು ತಾವೇ ಎಂದರು. ಬೈಗುಳ ನನ್ನ ಕಡೆ ತಿರುಗಿದವು. ಬೀಗ ತೆಗೆದರು.

ಹುಲಿಗೆಮ್ಮ ಒಂದೇ ಮಾತು ಹೇಳಿದರು: "ಮೈಕಿನ್ಯಾಗ ಹೋದದ್ದು ಮೈಕಿನ್ಯಾಗ ಹೇಳ್ರಿ ಸರ್."

ಮರುದಿನ ಪ್ರಾರ್ಥನೆಯಲ್ಲಿ ಅವರ ಹೆಸರು ಹಿಡಿದು, ನನ್ನ ಹೆಸರೂ ಹಿಡಿದು, ತಪ್ಪನ್ನು ನಾನೇ ಓದಿದೆ. ಹುಲಿಗೆಮ್ಮ ಇಂದಿಗೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾರೆ, ಕಂಡರೆ ಮಾತಾಡಿಸುತ್ತಾರೆ. ಈಗ ನಾಲ್ಕು ಕಡೆ ವಿಚಾರಿಸದೆ ಒಂದು ಸಾಲೂ ಬರೆಯುವುದಿಲ್ಲ.

ಆದರೆ ರೇಣುಕಾ ಮಾತ್ರ ಆಮೇಲೆ ಒಮ್ಮೆಯೂ ಮೈಕ್ ಹಿಡಿದಿಲ್ಲ. ಅವಳ ಸರದಿ ಬಂದಾಗ, "ಬ್ಯಾಡ್ರಿ ಸರ್" ಎನ್ನುತ್ತಾಳೆ. ಒತ್ತಾಯಿಸುವ ಮುಖ ನನಗಿಲ್ಲ.